ಗುಮ್ಮಟ ಹತ್ತಿಸಿದ ಜಗಳ

ಹುಲಿಗೆ, ಹಾವಿಗೆ ಹೆದರುವವನಿಗೆ ಸಮಾಜದಲ್ಲಿ ಒಂದು ಮರ್ಯಾದೆ ಇದೆ. ಲಿಫ್ಟಿಗೆ ಹೆದರುವವನಿಗೆ ಇಲ್ಲ. ಇಕ್ಕಟ್ಟಾದ ಜಾಗ ಕಂಡರೆ ನನಗೆ ಉಸಿರು ಕಟ್ಟುತ್ತದೆ. ಹಾಗಾಗಿ ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿರುವ ನನ್ನ ಆಫೀಸಿನಲ್ಲಿ ಅಗಲವಾದ ಮೆಟ್ಟಿಲುಗಳನ್ನೇ ಹತ್ತುತ್ತೇನೆ. ಎಲ್ಲರೂ ಅದನ್ನು ಆರೋಗ್ಯದ ಕಾಳಜಿ ಎಂದುಕೊಂಡಿದ್ದಾರೆ. ತೆಲುಗಿನ ಗೆಳೆಯನೊಬ್ಬ ನನ್ನನ್ನು ನೋಡಿ ತಾನೂ ಹತ್ತತೊಡಗಿ ತೂಕ ಇಳಿಸಿಕೊಂಡ. ಅಲ್ಲೇ ಹತ್ತಿರದ ನ್ಯೂಕ್ಯಾಸಲ್‌ನಲ್ಲಿರುವ ನಮ್ಮ ಮನೆಯ ಪುಟ್ಟ ಉಗ್ರಾಣದಿಂದ ಅಕ್ಕಿ ತರುವಾಗಲೂ ನನ್ನ ಒಂದು ಕಾಲು ಹೊರಗೇ ಇರುತ್ತದೆ. ಹೆಂಡತಿ ಸವಿತಾ ಧಾರವಾಡದವಳು. ಇದನ್ನೆಲ್ಲ ನೋಡಿಯೂ ಒಂದು ದಿನವೂ ಏನೂ ಕೇಳಿದವಳಲ್ಲ.

ಒಂದು ವಸಂತದಲ್ಲಿ, ಸಿಯಾಟಲ್‌ನ ಮೋಡ ಸಾಕಾಗಿ, ಇಬ್ಬರೂ ಇಟಲಿಯ ಫ್ಲಾರೆನ್ಸ್‌ಗೆ ಹೋದೆವು. ಕಲ್ಲು ಹಾಸಿದ ಓಣಿಗಳು, ಸೇತುವೆಯ ಮೇಲೆ ಅಕ್ಕಸಾಲಿಗರ ಅಂಗಡಿಗಳು, ಮೂಲೆಮೂಲೆಗೂ ಸೆಲ್ಫಿ ಕೋಲು ಮಾರುವವರು. ಓಣಿಗಳು ಎಷ್ಟೇ ಕಿರಿದಾಗಿರಲಿ, ಮೇಲೆ ಆಕಾಶವಿದ್ದುದರಿಂದ ನಾನು ಲವಲವಿಕೆಯಿಂದಲೇ ಇದ್ದೆ. ಊರಿನ ದೊಡ್ಡ ಚರ್ಚಿನ ಗುಮ್ಮಟದ ಎದುರು ನಿಂತು, ಅಷ್ಟು ಇಟ್ಟಿಗೆ ಕೆಳಗೆ ಬೀಳದೆ ಹೇಗೆ ನಿಂತಿದೆ ಎಂದು ಸವಿತಾಗೆ ಸಾವಕಾಶವಾಗಿ ಉಪನ್ಯಾಸ ಕೊಟ್ಟೆ. ಎಲ್ಲ ಕೇಳಿದ ಮೇಲೆ ಅವಳು, "ಹಂಗಾದ್ರ ಮ್ಯಾಲೆ ಹತ್ತಿ ನೋಡೂಣಲ್ಲ," ಎಂದಳು. ಅಷ್ಟು ಹೊಗಳಿದ ಮೇಲೆ ಒಲ್ಲೆ ಎನ್ನುವುದು ಹೇಗೆ?

ಒಳಗೆ ಸ್ವಲ್ಪ ದೂರ ಹತ್ತಿದ ಮೇಲೆ ಗುಮ್ಮಟದ ಒಳಸುತ್ತಿನಲ್ಲಿ ಮೊಗಸಾಲೆಯಂಥ ಒಂದು ಓಡಾಡುವ ಜಾಗ ಬಂತು. ಪಕ್ಕದಲ್ಲೇ, ದೊಡ್ಡದಾಗಿ, ನರಕದ ಚಿತ್ರ. ಅಲ್ಲಿ ಪಾಪಿಗಳಿಗೆ ಹೊರಳಾಡಲು ಜಾಗವಾದರೂ ಇತ್ತು. ಅಲ್ಲಿಂದ ಮುಂದೆ ಎರಡು ಗೋಡೆಗಳ ನಡುವೆ, ತಲೆಯ ಮೇಲೆ ಬಾಗಿ ಬರುವ ಸಂದಿಯಲ್ಲಿ ಹತ್ತಬೇಕು. ನಾನು ನಿಂತುಬಿಟ್ಟೆ.

"ನನ್ನ ಕೈಲಿ ಆಗಲ್ಲ ಸವಿತಾ. ವಾಪಸ್ ಹೋಗ್ತೀನಿ."

"ಹೆಂಗ ಹೋಗ್ತೀರಿ? ಹಿಂದ ಜನ ನಿಂತಾರ," ಎಂದಳು ಬೆನ್ನ ಹಿಂದಿನಿಂದ. ಆಮೇಲೆ ಸೊಪ್ಪಿನ ಬೆಲೆ ವಿಚಾರಿಸುವ ದನಿಯಲ್ಲಿ, "ಭಾಳ ದಿನದಿಂದ ಒಂದು ಮಾತು ಹೇಳ್ಬೇಕಂತಿದ್ದೆ. ನಿಮ್ಮ ಅಮ್ಮ ಮಾಡೋ ಹುಳಿಗೆ ರುಚಿನ ಇರೂದಿಲ್ಲ," ಎಂದಳು.

"ನಮ್ಮಮ್ಮನ ಹುಳಿಗಾ?"

"ಹೂಂ. ನಡಕೋತ ಮಾತಾಡ್ರಿ."

ನಡೆದೆ. ಮೈಸೂರಿನ ನಮ್ಮ ಬೀದಿಯಲ್ಲಿ ಮದುವೆ ಮನೆಯವರು ಹುಳಿಪುಡಿಗೆ ನಮ್ಮಮ್ಮನನ್ನೇ ಕೇಳಿಕೊಂಡು ಬರುತ್ತಿದ್ದುದನ್ನು ಹೇಳಿದೆ. ಧಾರವಾಡದವರು ಎಲ್ಲಕ್ಕೂ ಶೇಂಗಾ ಪುಡಿ ಸುರಿದು ಅದನ್ನೇ ಅಡುಗೆ ಎನ್ನುತ್ತಾರೆಂದೂ ಹೇಳಿದೆ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ತೊಗರಿಬೇಳೆಯ ವಿಷಯಕ್ಕೆ ಬರುವಷ್ಟರಲ್ಲಿ ಮುಖಕ್ಕೆ ಬಿಸಿಲು ಬಡಿಯಿತು. ಗುಮ್ಮಟದ ತುದಿಯಲ್ಲಿದ್ದೆವು. ಕೆಳಗೆ ಕೆಂಪು ಹೆಂಚಿನ ಊರು, ನದಿ, ಆಚೆ ಬೆಟ್ಟಗಳು. ಅಷ್ಟು ಚೆಂದದ ಊರನ್ನು ಅಷ್ಟು ಸಿಟ್ಟಿನಲ್ಲಿ ನೋಡಿದವನು ನಾನೊಬ್ಬನೇ ಇರಬೇಕು.

ಉಸಿರು ಹದಕ್ಕೆ ಬಂದ ಮೇಲೆ ಕೇಳಿದೆ: "ಹುಳಿ ವಿಷಯ ಸುಮ್ನೆ ಹೇಳಿದ್ದು ಅಲ್ವಾ?"

ಸವಿತಾ ನದಿಯ ಕಡೆ ತಿರುಗಿ, "ಊರು ಎಷ್ಟು ಚಂದ ಕಾಣ್ತದ ನೋಡ್ರಿ," ಎಂದಳು.

ಆಗ ನನಗೆ ಹೊಳೆದದ್ದು, ಇಳಿಯುವುದೂ ಇಂಥದ್ದೇ ಸಂದಿಯಲ್ಲಿ ಎಂದು. ಬಾಗಿಲ ಬಳಿ ಬಂದಾಗ ನಾನೇ ಅವಳನ್ನು ಬೇಡಿಕೊಂಡೆ: "ಈಗ ನಮ್ಮಕ್ಕನ ವಿಷಯ ಏನಾದ್ರೂ ತೆಗಿ."

"ಪಾಪ, ಅಕಿ ಬಗ್ಗೆ ಹೇಳಾಕ ಏನದ? ಭಾಳ ಚಲೋ ಹೆಣಮಗಳು," ಎಂದು ಸವಿತಾ ಸೆರಗಿನಂತೆ ಸ್ಕಾರ್ಫ್ ಸರಿಪಡಿಸಿಕೊಂಡಳು. "ನಿಮ್ಮ ಬಗ್ಗೇನ ಹೇಳ್ತೀನಿ, ನಡೀರಿ."

ನಾನು ನೆಲ ಮುಟ್ಟಿ, ಚೌಕ ದಾಟಿ, ಹೋಟೆಲು ಸೇರಿದರೂ ಆ ವಿಷಯ ಇನ್ನೂ ಅರ್ಧದಲ್ಲೇ ಇತ್ತು.