ಬಾಡದ ಸೊಪ್ಪು, ಸರ್ಕಾರದ ಸೀಲು

ಹೆಬ್ಬಾಳದ ಆಚೆ ಇರೋ ಒಂದು ವಿಶ್ವವಿದ್ಯಾಲಯದ ಆಫೀಸಲ್ಲಿ ನಾನು ಸಹಾಯಕಿ. ನಮ್ಮ ವಿಭಾಗದ ಕೆಲಸ ಏನಪ್ಪಾ ಅಂದ್ರೆ, ಪ್ರೊಫೆಸರುಗಳು ಲ್ಯಾಬಲ್ಲಿ ಕಂಡುಹಿಡಿದಿದ್ದನ್ನ ಅಂಗಡೀಲಿ ಸಿಗೋ ಸಾಮಾನು ಮಾಡೋದು. ಅದಕ್ಕೆ ಸರ್ಕಾರ ಅನುದಾನ ಕೊಡುತ್ತೆ. ಇನ್ನೂ ಹುಟ್ಟದೇ ಇರೋ ಸಾಮಾನನ್ನ ನಂಬಿ ಸರ್ಕಾರ ಕೈ ಬಿಚ್ಚುತ್ತಲ್ಲ ಅಂತ ನನಗೆ ಇವತ್ತಿಗೂ ಬೆರಗು. ಸರ್ಕಾರ ಅನುದಾನ ಕೊಡುತ್ತೆ, ಪ್ರೊಫೆಸರು ಬುದ್ಧಿ ಕೊಡ್ತಾರೆ, ನಗೋ ಕೆಲಸ ಮಾತ್ರ ನಮಗೆ ಬಿಟ್ಟಿದಾರೆ. ಅದಕ್ಕೂ ಬಿಡುವೇ ಸಿಗಲ್ಲ ಕಣ್ರೀ.

೧. ಡಬ್ಬ

ನಮ್ಮಲ್ಲೊಬ್ರು ಪ್ರೊಫೆಸರಮ್ಮ ಇದಾರೆ. ತೆಳ್ಳಗೆ, ಗಾಳಿಗೆ ಹಾರಿಹೋಗೋ ಹಾಗೆ. ಅವರೊಂದು ಡಬ್ಬ ಮಾಡಿದ್ರು. ಕರೆಂಟ್ ಬೇಡ, ಐಸ್ ಬೇಡ. ಒಳಗೆ ಜೇಡಿಮಣ್ಣು, ಬಾಳೆದಿಂಡಿನ ನಾರು ಸೇರಿಸಿ ಮಾಡಿದ ಹಾಳೆ. ಅದರಲ್ಲಿ ಸೊಪ್ಪಿಟ್ರೆ ವಾರವಾದ್ರೂ ಬಾಡಲ್ಲ.

ಮೊದಲ ಸಲ ನಾನು ನಂಬಲಿಲ್ಲ. ಒಂದು ಸೋಮವಾರ ಅದರೊಳಗೆ ದಂಟಿನಸೊಪ್ಪು ಇಟ್ಟೆ, ಮುಂದಿನ ಸೋಮವಾರ ತೆಗೆದೆ. ಅಬ್ಬಾ! ಆಗ ತಾನೇ ಹೊಲದಿಂದ ಕಿತ್ತ ಹಾಗಿತ್ತು. ನನಗೆ ಮೈಯೆಲ್ಲ ಜುಮ್ಮಂತು. ಮನೆಗೆ ಒಯ್ದು ಬಸ್ಸಾರು ಮಾಡಿದೆ. ನಮ್ಮನೆಯವರು ಎರಡು ಸಲ ಹಾಕಿಸ್ಕೊಂಡು ಉಂಡ್ರು. ಸೊಪ್ಪು ಹೋದ ವಾರದ್ದು ಅಂತ ಮಜ್ಜಿಗೆ ಅನ್ನಕ್ಕೆ ಬಂದಾಗ ಹೇಳಿದೆ, ಊಟ ಬಿಟ್ಟು ಎದ್ದೇಬಿಟ್ರು.

ಅನುದಾನ ಎರಡು ಕಂತು. ಮೊದಲನೇದರಲ್ಲಿ ಮಾದರಿ ಡಬ್ಬ ಆಯ್ತು. ಎರಡನೇದು ಬಂದ್ರೆ ಅಚ್ಚು ಮಾಡಿಸಿ ಸಾವಿರಗಟ್ಟಲೆ ಡಬ್ಬ. ಬರದಿದ್ರೆ? ನಮ್ಮಲ್ಲೊಂದು ಸ್ಟೋರ್ ರೂಮಿದೆ. ಹುಣಸೆ ಬೀಜ ತೆಗೆಯೋ ಯಂತ್ರ, ತಾನೇ ಮಡಚಿಕೊಳ್ಳೋ ಚಾಪೆ, ಇಂಥವೆಲ್ಲ ಅಲ್ಲಿ ಧೂಳು ಕುಡೀತಾ ಕೂತಿವೆ. ಡಬ್ಬಾನೂ ಅಲ್ಲಿಗೇ ಹೋಗ್ತಿತ್ತು. ಪ್ರೊಫೆಸರಮ್ಮ ಬೇಸಿಗೆಗೆ ರಿಟೈರ್ ಆಗೋರು, ಇನ್ನೊಂದು ಸಲ ಅರ್ಜಿ ಹಾಕೋ ಹಾಗಿಲ್ಲ.

"ನಾನು ಹೋದ್ಮೇಲೆ ಇದನ್ನ ಯಾರ್ ನೋಡ್ತಾರೆ ಹೇಳಿ?" ಅಂತ ಒಂದು ಸಲ ಡಬ್ಬದ ಮೇಲೆ ಕೈ ಇಟ್ಕೊಂಡು ಕೇಳಿದ್ರು. "ನಾನು ನೋಡ್ಕೋತೀನಿ ಮೇಡಂ" ಅಂದೆ.

"ನೀವು ಬಸ್ಸಾರು ಮಾಡ್ತೀರ" ಅಂದ್ರು.

೨. ಈರುಳ್ಳಿ

ಅನುದಾನ ಮಂಜೂರು ಮಾಡೋ ಸಮಿತಿಯವರು "ಮಾರುಕಟ್ಟೆ ಸಮೀಕ್ಷೆ ಮಾಡಿ, ವ್ಯಾಪಾರಸ್ಥರು ಏನಂತಾರೆ ಕೇಳಿ" ಅಂದ್ರು. ಪ್ರೊಫೆಸರಮ್ಮ ಜನ್ಮದಲ್ಲಿ ಸಗಟು ಮಾರ್ಕೆಟ್ ನೋಡಿದವರಲ್ಲ. ಡಬ್ಬ ಎತ್ಕೊಂಡು ಸೀದಾ ಯಶವಂತಪುರದ ಯಾರ್ಡಿಗೆ ಹೋದ್ರು. ಜೊತೆಗೆ ನಾನು. ಲಾರಿ, ಮೂಟೆ, ಕೂಗಾಟ. "ದಾರಿ ಬಿಡಿ, ದಾರಿ ಬಿಡಿ" ಅಂತ ಹಮಾಲರು. ಇವರು ಸೆರಗು ಸಿಗಿಸ್ಕೊಂಡು ಒಬ್ಬ ಈರುಳ್ಳಿ ಮಂಡಿ ಸಾಹುಕಾರರ ಮುಂದೆ ನಿಂತ್ರು.

"ನಿಮ್ಮ ಸರಕು ಸಂಜೆ ಹೊತ್ತಿಗೆ ಎಷ್ಟು ಬಾಡುತ್ತೆ?"

ಅವರು ಮೂಟೆ ನೋಡಿದ್ರು, ಇವರನ್ನ ನೋಡಿದ್ರು. "ಮೇಡಂ, ಇದು ಈರುಳ್ಳಿ."

"ಹೌದು, ಎಷ್ಟು ಬಾಡುತ್ತೆ?"

"ನಮ್ತಾತನ ಕಾಲದಿಂದ ಇದೇ ವ್ಯಾಪಾರ. ಈರುಳ್ಳಿ ಬಾಡಿದ್ದು ನಾನ್ ನೋಡಿಲ್ಲ. ಮೊಳಕೆ ಬರೋದು ನಿಲ್ಸಿಕೊಡಿ, ನಿಮ್ ಕಾಲಿಗ್ ಬೀಳ್ತೀನಿ."

ನಾನು ನಾಚಿಕೆಯಿಂದ ನೆಲ ನೋಡ್ತಾ ನಿಂತಿದ್ದೆ. ಪ್ರೊಫೆಸರಮ್ಮನ ಮುಖ ಮಾತ್ರ ಹಬ್ಬದ ದಿನದ ಹಾಗೆ ಅರಳಿಹೋಯ್ತು. "ಮೊಳಕೆ! ಇದನ್ನ ನಾನು ಯೋಚ್ನೇನೇ ಮಾಡಿರ್ಲಿಲ್ಲ!" ಅಂತ ಅಲ್ಲೇ ಮೂಟೆ ಮೇಲೆ ಕೂತು ಲೆಕ್ಕ ಹಾಕೋಕೆ ಶುರು ಮಾಡಿದ್ರು. ಸಾಹುಕಾರರು ಟೀ ತರಿಸಿದ್ರು. ಹಮಾಲರು ಆ ಒಂದು ಮೂಟೆ ಬಿಟ್ಟು ಮಿಕ್ಕಿದ್ದೆಲ್ಲ ಲಾರಿಗೆ ಏರಿಸಿದ್ರು.

೩. ಸೊಪ್ಪಿನಮ್ಮ

ಆಮೇಲೆ ನಾನೇ ದಾರಿ ತೋರಿಸಿದೆ. ನಾವು ಯಲಹಂಕ ಹಳೇ ಊರಿನವರು. ನಮ್ಮ ಬೀದಿ ಕೊನೇಲಿ ಒಬ್ಬಳು ಸೊಪ್ಪಿನಮ್ಮ ಕೂರ್ತಾಳೆ. ಯಾವ ಕಂತೆ ಕೈಗೆತ್ತಿದ್ರೂ ಅಂಗೈಗೆ ಪಟಪಟ ಬಡಿದು, ಮಣ್ಣು ಉದುರಿಸಿ, ಆಮೇಲೇ ಗಿರಾಕಿಗೆ ಕೊಡೋದು. ಅವಳಿಗೆ ಡಬ್ಬ ಕೊಟ್ಟು, "ಒಂದು ತಿಂಗಳು ಉಪಯೋಗಿಸಿ ಹೇಳಮ್ಮ" ಅಂದ್ವಿ.

ವಾರದೊಳಗೇ ಮುಖ ಊದಿಸ್ಕೊಂಡಿದ್ಲು. "ನಿಮ್ ಡಬ್ಬ ತಗೊಂಡೋಗಿ. ಯಾಪಾರಾನೇ ನಿಂತೋಯ್ತು."

"ಯಾಕೆ, ಸೊಪ್ಪು ಬಾಡ್ತಾ?" ಅಂತ ಪ್ರೊಫೆಸರಮ್ಮ ಗಾಬರಿಯಾದ್ರು.

"ಬಾಡ್ತಿಲ್ಲ, ಅದೇ ಕಷ್ಟ! ಸಂಜೆ ಆರು ಗಂಟೇಲಿ ಸೊಪ್ಪು ಇಂಗೆ ನಗ್ತಾ ಕೂತಿದ್ರೆ ಯಾರವ್ವ ನಂಬ್ತಾರೆ? ಯಾವ್ ಔಷ್ದಿ ಒಡ್ದಿದ್ದೀಯ ಅಂತ ಬೈದು ಓಗ್ತಾರೆ."

ಪ್ರೊಫೆಸರಮ್ಮ ಪೆಚ್ಚಾದ್ರು. ಇಷ್ಟು ವರ್ಷದ ಸಂಶೋಧನೇಲಿ ಈ ತೊಂದರೆ ಅವರ ಕನಸಲ್ಲೂ ಬಂದಿರಲಿಲ್ಲ. ಆದ್ರೆ ನಾಲ್ಕು ದಿನ ಬಿಟ್ಟು ಹೋಗಿ ನೋಡಿದ್ರೆ ಡಬ್ಬ ಖಾಲಿ, ಸೊಪ್ಪಿನಮ್ಮ ಖುಷಿ. ಏನ್ ಮಾಡಿದೆ ತಾಯಿ ಅಂದ್ರೆ, ದಿನಾ ಒಂದಿಷ್ಟು ಕಂತೆ ಬಿಸಿಲಿಗೆ ಹಾಕಿ ಬಾಡಿಸಿ ಮುಂದೆ ಜೋಡಿಸ್ತಾಳಂತೆ. ಗಿರಾಕಿ ಮೂಗು ಮುರಿದಾಗ, "ನಿಮ್ಗೆ ಅಂತ ಒಳಗೆ ಒಳ್ಳೇದು ತೆಗ್ದಿಟ್ಟಿದ್ದೀನಿ ಕಣವ್ವ" ಅಂತ ಗುಟ್ಟಾಗಿ ಡಬ್ಬ ತೆಗೀತಾಳಂತೆ.

ಆ ಬುದ್ಧಿಗೆ ಯಾವ ಸರ್ಕಾರ ಅನುದಾನ ಕೊಟ್ಟಿತ್ತು ಹೇಳಿ!

೪. ಅಧ್ಯಕ್ಷರು

ಸಮಿತಿ ಅಧ್ಯಕ್ಷರು ಸಂಜಯನಗರದಲ್ಲಿರೋ ನಿವೃತ್ತ ವಿಜ್ಞಾನಿ. ಏನು ಹೇಳಿದ್ರೂ "ಎವಿಡೆನ್ಸ್ ಎಲ್ಲಿ?" ಅನ್ನೋರು. ಕಾಫಿಗೆ ಸಕ್ಕರೆ ಹಾಕಿದ್ದೀವಿ ಅಂದ್ರೂ ಕಲಕಿ ನೋಡಿಯೇ ಕುಡಿಯೋರು.

ಆಯುಧಪೂಜೆಗೆ ನಾಲ್ಕು ದಿನ ಇರೋ ಹಾಗೆ ನಮ್ಮ ಆಫೀಸಿಗೆ ಬಂದ್ರು. ಸೊಪ್ಪಿನಮ್ಮನ ಕೊತ್ತಂಬರಿ ಡಬ್ಬಕ್ಕೆ ತುಂಬಿದ್ವಿ. ಒಳಗೆ ಐಸ್ ಬಚ್ಚಿಟ್ಟಿದ್ದೀವಾ ಅಂತ ಅಧ್ಯಕ್ಷರು ಅಂಗಿ ತೋಳು ಮಡಚಿ, ಮೊಣಕೈವರೆಗೂ ಆ ಒದ್ದೆ ಸೊಪ್ಪಲ್ಲಿ ಕೈ ಹಾಕಿ ತಡಕಾಡಿದ್ರು. ಆಮೇಲೆ ಮುಚ್ಚಳದ ಅಂಚಿಗೆ ಬಿಳಿ ಕಾಗದ ಅಂಟಿಸಿ, ಸಹಿ ಹಾಕಿ, ಸೀಲ್ ಒತ್ತಿದ್ರು. "ಮುಂದಿನ ವಾರ ನಾನೇ ಬಂದು ತೆಗೀತೀನಿ. ಸೊಪ್ಪು ಚೆನ್ನಾಗಿದ್ರೆ ಎರಡನೇ ಕಂತು. ಸೀಲ್ ಹರಿದಿದ್ರೆ ಏನೂ ಇಲ್ಲ."

ಮಾರನೇ ದಿನ ಅವರದ್ದೇ ಫೋನ್. "ಏನಮ್ಮ, ನಿಮ್ಮಲ್ಲಿ ಒಂದು ವಸ್ತು ಬಿದ್ದಿತ್ತಾ?"

"ಏನ್ ವಸ್ತು ಸಾರ್?"

"ಚಿಕ್ಕದು."

"ಏನು ಅಂತ ಹೇಳಿದ್ರೆ ಹುಡುಕಬೋದು ಸಾರ್."

ಅವರು ಪಿಸುಮಾತಲ್ಲಿ, "ಪಚ್ಚೆ ಕಲ್ಲಿನ ಉಂಗುರ. ಬುಧ ಗ್ರಹಕ್ಕೆ. ನಾನು ನಂಬಲ್ಲ, ನಮ್ಮನೆಯವರು ನಂಬ್ತಾರೆ. ಯಾರಿಗೂ ಹೇಳ್ಬೇಡಿ."

ಯಾರಿಗೂ ಹೇಳದೆ ಇಡೀ ಆಫೀಸು, ಕ್ಯಾಂಟೀನು, ಕೈ ತೊಳೆಯೋ ಜಾಗ ಎಲ್ಲ ಹುಡುಕಿದೆ. ಎರಡು ಛತ್ರಿ, ಒಂದು ಟಿಫನ್ ಕ್ಯಾರಿಯರ್ ಸಿಕ್ತು. ಉಂಗುರ ಸಿಗಲಿಲ್ಲ. ಹಾಗಂತ ಫೋನ್ ಮಾಡಿ ಹೇಳಿದೆ. "ಸರಿಯಾಗಿ ಹುಡುಕಿದ್ದೀರಿ ಅನ್ನೋದಕ್ಕೆ ಎವಿಡೆನ್ಸ್?" ಅಂದ್ರು.

೫. ಆಯುಧಪೂಜೆ

ಹಬ್ಬಕ್ಕೆ ರಜ, ಹಾಗಾಗಿ ಹಿಂದಿನ ದಿನವೇ ಆಫೀಸಲ್ಲಿ ಪೂಜೆ. ನಾನು ಬೂದುಗುಂಬಳಕಾಯಿ ತರೋಕೆ ಅಂತ ಆರ್.ಟಿ. ನಗರಕ್ಕೆ ಹೋಗಿದ್ದೆ. ವಾಪಸ್ ಬಂದು ನೋಡಿದ್ರೆ ಕಂಪ್ಯೂಟರು, ಜೆರಾಕ್ಸ್ ಮಿಷನ್ನು, ಜೀಪು ಎಲ್ಲ ಮಿರಮಿರ. ಎಲ್ಲದಕ್ಕೂ ವಿಭೂತಿ, ಕುಂಕುಮ. ನಡುವೆ ಮೇಜಿನ ಮೇಲೆ, ದೊಡ್ಡ ಸೇವಂತಿಗೆ ಹಾರ ಹಾಕ್ಕೊಂಡು, ಮದುವೆ ಗಂಡಿನ ಹಾಗೆ ನಮ್ಮ ಡಬ್ಬ.

ಹತ್ರ ಹೋಗಿ ಮುಚ್ಚಳದ ಅಂಚು ತಡವಿ ನೋಡಿದೆ. "ಅಣ್ಣಾ, ಇದರ ಮೇಲೆ ಕಾಗದ ಅಂಟಿತ್ತಲ್ಲ?"

ನಮ್ಮ ಅಟೆಂಡರ್ ಅಣ್ಣ ಹೆಮ್ಮೆಯಿಂದ, "ಗಲೀಜಾಗಿತ್ತಕ್ಕ. ಸೋಪ್ ಹಾಕಿ, ಉಜ್ಜಿ, ಕೆರೆದು ತೆಗ್ದೆ. ನೋಡಿ, ಗುರುತೇ ಇಲ್ಲ!"

"ಮುಚ್ಚಳ ತೆಗೆದ್ರಾ?"

"ದೇವ್ರಾಣೆ ಇಲ್ಲ. ಹೊರಗಡೆ ಮಾತ್ರ."

ಪ್ರೊಫೆಸರಮ್ಮ ಬಂದು ನೋಡಿ ಕುರ್ಚಿಗೆ ಕುಸಿದ್ರು. ಬಯ್ಯಲಿಲ್ಲ, ಅದೇ ನನಗೆ ಹೆಚ್ಚು ಸಂಕಟ. ಅಣ್ಣನಿಗೆ ವಿಷಯ ಗೊತ್ತಾಗಿ ಕಣ್ಣಲ್ಲಿ ನೀರು. ಆಮೇಲೆ ಅಣ್ಣನೇ ಕಣ್ಣೊರೆಸಿಕೊಂಡು ಸಮಾಧಾನ ಹೇಳಿದ್ರು: "ಸೀಲ್ ಹೋದ್ರೆ ಹೋಗ್ಲಿ ಮೇಡಂ. ದೃಷ್ಟಿ ಅಂತೂ ತೆಗ್ದಿದ್ದೀನಿ."

೬. ಎವಿಡೆನ್ಸ್

ಅಧ್ಯಕ್ಷರು ಬಂದ್ರು, ಜೊತೆಗೆ ಇಬ್ಬರು ಸದಸ್ಯರು. ಬಳಸಿದವರ ಅಭಿಪ್ರಾಯ ಬೇಕು ಅಂದಿದ್ದಕ್ಕೆ ಸೊಪ್ಪಿನಮ್ಮನೂ ರೇಷ್ಮೆ ಸೀರೆ ಉಟ್ಟು ಬಂದಿದ್ಲು. ನಡೆದದ್ದನ್ನ ಪ್ರೊಫೆಸರಮ್ಮ ಮುಚ್ಚುಮರೆ ಇಲ್ಲದೆ ಹೇಳಿಬಿಟ್ರು. ಅಧ್ಯಕ್ಷರ ಮುಖ ಗಂಟಾಯ್ತು.

ಆದ್ರೂ ಮುಚ್ಚಳ ತೆಗೆಸಿದ್ರು. ಘಮ್ ಅಂತು ಇಡೀ ರೂಮು! ಒಂದು ವಾರದ ಕೊತ್ತಂಬರಿ, ಒಂದೆಲೆ ಹಳದಿಯಾಗಿಲ್ಲ. ಸದಸ್ಯರಿಬ್ಬರೂ ಬಾಯಿ ಬಿಟ್ಕೊಂಡು ನೋಡಿದ್ರು. ಎಷ್ಟು ಸಲ ನೋಡಿದ್ರೂ ನನಗೆ ಅದು ಪವಾಡವೇ.

ಅಧ್ಯಕ್ಷರು ಮಾತ್ರ ಕೈ ಕಟ್ಕೊಂಡು, "ತುಂಬಾ ಚೆನ್ನಾಗಿದೆ. ಅದಕ್ಕೇ ಅನುಮಾನ. ಬೆಳಗ್ಗೆ ಹೊಸ ಸೊಪ್ಪು ತುಂಬಿಲ್ಲ ಅನ್ನೋದಕ್ಕೆ ಎವಿಡೆನ್ಸ್ ಎಲ್ಲಿ? ಸಾರಿ ಮೇಡಂ, ನಾನು ಸಹಿ ಹಾಕೋಕಾಗಲ್ಲ" ಅಂದ್ರು.

ಪ್ರೊಫೆಸರಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡ್ರು. ನನಗೆ ಆ ಸ್ಟೋರ್ ರೂಮು ಕಣ್ಮುಂದೆ ಬಂತು, ಚಾಪೆ ಪಕ್ಕದಲ್ಲಿ ನಮ್ಮ ಡಬ್ಬ.

"ಸೊಪ್ಪು ಎಂಗೈತೆ ಅಂತ ನಾನಾದ್ರೂ ಒಂದ್ ಕಿತ ನೋಡ್ತೀನಿ ತಡೀರಿ. ಸುಮ್ಕೆ ಬಂದಿದ್ದೀನಾ?" ಅಂತ ಸೊಪ್ಪಿನಮ್ಮ ಎದ್ಲು. ಅಡಿಯಿಂದ ಒಂದು ಕಂತೆ ಎಳೆದು, ದಿನಾ ಮಾಡೋ ಹಾಗೇ ಅಂಗೈಗೆ ಪಟಪಟ ಬಡಿದ್ಲು.

ಟಿಣ್ ಅಂತ ಏನೋ ಮೇಜಿನ ಮೇಲೆ ಬಿದ್ದು, ಉರುಳಿಕೊಂಡು ಹೋಗಿ ಅಧ್ಯಕ್ಷರ ಮುಂದೆ ನಿಂತ್ಕೊಂತು.

ಪಚ್ಚೆ ಕಲ್ಲಿನ ಉಂಗುರ.

ಅಧ್ಯಕ್ಷರು ಉಂಗುರ ನೋಡಿದ್ರು, ತಮ್ಮ ಬೋಳು ಕಿರುಬೆರಳು ನೋಡಿಕೊಂಡ್ರು. ಯಾರಾದ್ರೂ ಸೊಪ್ಪು ಬದಲಾಯಿಸಿದ್ರೆ ಅದು ಅಲ್ಲಿ ಉಳೀತಿತ್ತಾ? ಆ ವಾರ ಮನೇಲಿ ತಿಂದ ಬೈಗುಳವೆಲ್ಲ ಅವರ ಮುಖದ ಮೇಲೆ ಬಂದು ಹೋಯ್ತು. ಕೆಮ್ಮಿದ್ರು. "ಹೂಂ. ಬರ್ಕೊಳ್ಳಿ. ಡಬ್ಬ ತೆಗೆದಿಲ್ಲ. ಎರಡನೇ ಕಂತಿಗೆ ಶಿಫಾರಸು." ಪ್ರೊಫೆಸರಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದ್ಕೊಂಡ್ರು, ಅಳ್ತಾ ಇದ್ರೋ ನಗ್ತಾ ಇದ್ರೋ ಅವರಿಗೇ ಗೊತ್ತಿರಲಿಲ್ಲ. ಬಾಗಿಲ ಹತ್ರ ಅಟೆಂಡರ್ ಅಣ್ಣ ಡಬ್ಬಕ್ಕೆ ಕೈ ಮುಗಿದ್ರು.

ಅಧ್ಯಕ್ಷರು ಉಂಗುರವನ್ನ ಕರವಸ್ತ್ರದಲ್ಲಿ ಒರೆಸಿ, ಯಾರನ್ನೂ ನೋಡದೆ ಬೆರಳಿಗೆ ಏರಿಸ್ತಾ ಇದ್ರು. ಸೊಪ್ಪಿನಮ್ಮ ಬಗ್ಗಿ ಅದನ್ನೇ ದಿಟ್ಟಿಸಿ ನೋಡಿ, ತನ್ನ ಅಭಿಪ್ರಾಯ ಕೊಟ್ಲು:

"ನೋಡಿ ಸಾರ್, ಒಂದ್ ವಾರ ನಮ್ ಡಬ್ಬದಾಗಿದ್ದಿದ್ಕೆ ನಿಮ್ ಉಂಗ್ರಾನೂ ಬಾಡಿಲ್ಲ!"