ಸೌದೆ ಡಿಪೋದಿಂದ ಗೇಟಿನವರೆಗೆ

ನನ್ನ ತೂಕ ಹೆಚ್ಚಿತೋ ಕಡಿಮೆಯಾಯಿತೋ ಅನ್ನುವುದು ನನಗಿಂತ ಮೊದಲು ನಮ್ಮ ಬೀದಿಗೆ ಗೊತ್ತಾಗುತ್ತಿತ್ತು. ಬೇರೆ ಹೆಂಗಸರ ಪಾಲಿಗೆ ಇದು ಕನ್ನಡಿಗೂ ರವಿಕೆಗೂ ಮಾತ್ರ ತಿಳಿದ ಗುಟ್ಟು. ನನ್ನ ಹಣೆಬರಹ ಹಾಗಿರಲಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ನಾವಿಬ್ಬರೂ ದಿನಾ ಕಚೇರಿಗೆ ಹೋಗಿಬರಲು ಅಂತ, ನಮ್ಮ ಯಜಮಾನರು ಒಂದು ಮೊಪೆಡ್ ತಂದರು. ಅವತ್ತಿನಿಂದ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಬಂತು.

ಗಾಡಿ ಬಂತು

ನಮ್ಮ ಮನೆ ಬಸವನಗುಡಿಯ ಅಂಚಿನಲ್ಲಿ, ಗವಿಪುರದ ಕಡೆ, ಒಂದು ಏರು ರಸ್ತೆಯ ತುದಿಯಲ್ಲಿತ್ತು. ಏರಿನ ಬುಡದಲ್ಲಿ ಸೌದೆ ಡಿಪೋ. ಸ್ವಲ್ಪ ಮೇಲೆ ಹಿಟ್ಟಿನ ಗಿರಣಿ. ಅದರಾಚೆ ದೊಡ್ಡ ಹೊಂಗೆ ಮರ, ಕೊನೆಗೆ ನಮ್ಮ ಗೇಟು. ಹೊಂಗೆ ಮರದ ಎದುರು ಮನೆಯ ಜಗಲಿಯ ಮೇಲೆ ಒಬ್ಬರು ರಿಟೈರ್ಡ್ ಮೇಷ್ಟ್ರು ಸಂಜೆಯೆಲ್ಲ ಕೂತಿರುತ್ತಿದ್ದರು. ಪಾಠ ಹೇಳಿಸಿಕೊಳ್ಳಲು ಮಕ್ಕಳಿಲ್ಲದ ಮೇಲೆ ಅವರಿಗೆ ಬೀದಿಯೇ ಕ್ಲಾಸು.

ಗಾಡಿಗೆ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮೊದಲ ಸಲ ಇಬ್ಬರೂ ಹತ್ತಿಕೊಂಡು ಒಂದು ಸುತ್ತು ಹೊರಟೆವು. ನಾನು ಹೊಸ ಸೀರೆ ಉಟ್ಟು, ಒಂದು ಕಡೆ ಕಾಲು ಇಳಿಬಿಟ್ಟು, ಮಹಾರಾಣಿಯ ಹಾಗೆ ಕೂತಿದ್ದೆ. ವಾಪಸು ಬರುವಾಗ ಹೀಗೇ ಗೇಟಿನೊಳಕ್ಕೆ ಹೋಗಿ ಇಳಿಯಬೇಕು, ಬೀದಿಯವರೆಲ್ಲ ನೋಡಬೇಕು ಅಂತ ನನ್ನ ಆಸೆ. ಮದುವೆಯಾದಾಗಿನಿಂದ ಕೈಯಲ್ಲಿ ತರಕಾರಿ ಚೀಲ ಹಿಡಿದು ಆ ಏರು ಹತ್ತಿದವಳಿಗೆ ಅದು ಸಣ್ಣ ಆಸೆಯಲ್ಲ.

ಗಾಡಿ ಸೌದೆ ಡಿಪೋ ದಾಟಿತು. ಗಿರಣಿಯ ಹತ್ತಿರ ಬರುತ್ತಲೇ ಕೆಮ್ಮಿತು. ಯಜಮಾನರು ಪೆಡಲ್ ತುಳಿದರು. ಅವರ ಬೆನ್ನು ಬೆವತು ಅಂಗಿ ಅಂಟಿಕೊಂಡಿತು. ಗಾಡಿ ಒಂದು ಸಲ ನಿಟ್ಟುಸಿರು ಬಿಟ್ಟು ನಿಂತೇಬಿಟ್ಟಿತು.

"ಸ್ವಲ್ಪ ಇಳಿ" ಅಂದರು.

ಇಳಿದೆ. ಗಾಡಿ ಬುರ್ರೆಂದು ಹೋಗಿಯೇ ಹೋಯಿತು. ನಾನು ಸೀರೆ ನಿರಿಗೆ ಹಿಡಿದು ನಡೆದುಕೊಂಡು ಮೇಷ್ಟ್ರ ಜಗಲಿ ದಾಟುವಾಗ ಅವರು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಗಾಡಿ ಚೆನ್ನಾಗಿದೆಯಮ್ಮ. ಒಬ್ಬರಿಗೆ."

ಒಪ್ಪೊತ್ತು

ಅವತ್ತು ರಾತ್ರಿಯೇ ಶಪಥ ಮಾಡಿದೆ. ಸೋಮವಾರ, ಗುರುವಾರ, ಶನಿವಾರ ಒಪ್ಪೊತ್ತು. ಒಂದೇ ಹೊತ್ತು ಊಟ, ರಾತ್ರಿ ಏನೂ ಇಲ್ಲ.

ನಮ್ಮತ್ತೆಗೆ ಆನಂದವೋ ಆನಂದ. ಇಷ್ಟು ವರ್ಷದ ಮೇಲೆ ಸೊಸೆಗೆ ದೇವರ ಮೇಲೆ ಭಕ್ತಿ ಬಂತು ಅಂತ ಅವರ ಕಣ್ಣಲ್ಲಿ ನೀರು ಬಂತು. ನಾನು ಗಾಡಿಯ ವಿಷಯ ಬಾಯಿ ಬಿಡಲಿಲ್ಲ.

ರಾತ್ರಿ ಎಂಟು ಗಂಟೆಗೆ ಕರೆದರು. ಹೋಗಿ ನೋಡಿದರೆ ತಟ್ಟೆಯ ತುಂಬ ಗೊಜ್ಜವಲಕ್ಕಿ, ಪಕ್ಕದಲ್ಲಿ ಬಟ್ಟಲು ಬಾಳೆಹಣ್ಣಿನ ರಸಾಯನ, ದೊಡ್ಡ ಲೋಟದಲ್ಲಿ ಕೆನೆ ಕಟ್ಟಿದ ಹಾಲು.

"ಅತ್ತೆ, ನಂದು ಒಪ್ಪೊತ್ತು."

"ಗೊತ್ತು ಕಣೆ. ಅದಕ್ಕೇ ಅನ್ನ ಹಾಕಿಲ್ಲ."

"ಇಷ್ಟೊಂದು ತಿಂದ್ರೆ ಅದು ಊಟಾನೇ ಆಯ್ತಲ್ಲ?"

"ಅನ್ನ ಬಿದ್ದು ಮುಸುರೆ ಆದ್ರೆ ತಾನೆ ಊಟ? ಇದು ಫಲಾಹಾರ. ಖಾಲಿ ಹೊಟ್ಟೇಲಿ ಮಲಗಿದ್ರೆ ಆ ದೇವರು ಮೆಚ್ತಾನಾ?"

ದೇವರು ಮೆಚ್ಚಿದನೋ ಇಲ್ಲವೋ, ನನ್ನ ನಾಲಿಗೆ ಮೆಚ್ಚಿತು. ಸೋಮವಾರ ಅವಲಕ್ಕಿಯಾದರೆ ಗುರುವಾರ ಗೋಡಂಬಿ ಹಾಕಿದ ಉಪ್ಪಿಟ್ಟು, ಶನಿವಾರ ಸಜ್ಜಿಗೆ. ಉಳಿದ ದಿನ ಎರಡು ಹೊತ್ತು ಊಟ ಮಾಡುತ್ತಿದ್ದವಳು ಉಪವಾಸದ ದಿನ ಅದಕ್ಕಿಂತ ಜಾಸ್ತಿ ತಿನ್ನತೊಡಗಿದೆ. ಹೀಗೆ ಒಂದೆರಡು ತಿಂಗಳು ಭಕ್ತಿ ಬೆಳೆಯಿತು. ಗಿರಣಿಯ ತನಕ ಬರುತ್ತಿದ್ದ ಗಾಡಿ ಸೌದೆ ಡಿಪೋ ಹತ್ತಿರವೇ ಕೈ ಚೆಲ್ಲಿತು.

ಮೇಷ್ಟ್ರು ಜಗಲಿಯಿಂದ ಕೇಳಿದರು: "ಏನಮ್ಮ, ಮನೇಲಿ ಹಬ್ಬವಾ?"

"ಇಲ್ಲ ಮೇಷ್ಟ್ರೇ" ಅಂದೆ. "ಉಪವಾಸ."

ಗೇಟು ಮುಟ್ಟಿದ್ದು

ಆಮೇಲೆ ಭಕ್ತಿ ಬಿಟ್ಟು ಬುದ್ಧಿ ಹಿಡಿದೆ. ರಾತ್ರಿ ಒಂದು ಮುದ್ದೆ, ಸೊಪ್ಪಿನ ಸಾರು. ಕಚೇರಿಯಲ್ಲಿ ಯಾರು ಬೋಂಡ ತರಿಸಿದರೂ ನನಗೆ ಫೈಲು. ಜೊತೆಗೆ ಡಿಪೋ ಹತ್ತಿರ ದಿನವೂ ಇಳಿದು ಏರು ಹತ್ತುವುದು ಇದ್ದೇ ಇತ್ತು. ನಿಧಾನವಾಗಿ ಗಾಡಿ ಗಿರಣಿ ದಾಟಿತು. ಬೀದಿಯವರಿಗೆ ಇದೊಂದು ಆಟವಾಯಿತು. ಗಿರಣಿಯವನು ಹಿಟ್ಟು ಬಡಿದ ಮುಖದಲ್ಲೇ ಹೊರಗೆ ಬಂದು, "ಅಕ್ಕಾ, ಬಿಡ್ಬೇಡಿ, ಇನ್ನು ಮರ ಅಷ್ಟೇ!" ಅಂತ ಕೂಗುತ್ತಿದ್ದ.

ಒಂದು ಸಂಜೆ ಹೊಂಗೆ ಮರವೂ ಹಿಂದೆ ಬಿತ್ತು. ಮೇಷ್ಟ್ರು ಎದ್ದು ನಿಂತರು. ಗಾಡಿ ಗೇಟಿನೊಳಗೆ ಹೋಗಿ ತುಳಸಿ ಕಟ್ಟೆಯ ಮುಂದೆ ನಿಂತಿತು. ನನಗಾದ ಸಂತೋಷಕ್ಕೆ ಇಳಿಯುವುದೇ ಮರೆತುಹೋಯಿತು. ಯಜಮಾನರು ಸ್ಟ್ಯಾಂಡು ಹಾಕಲು ಹೋಗಿ ಇಬ್ಬರೂ ಬೀಳುವುದರಲ್ಲಿದ್ದೆವು.

ಅದೇ ವಾರ ಮಲ್ಲೇಶ್ವರದಲ್ಲಿ ನಮ್ಮತ್ತೆಯ ತಂಗಿಯ ಮನೆಯಲ್ಲಿ ನಾಮಕರಣ. ನಾನು ಒಳಗೆ ಕಾಲಿಟ್ಟಿದ್ದೇ ತಡ, ಆಕೆ ಎದೆ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ರಾಮ! ಎಷ್ಟು ಇಳಿದು ಹೋಗಿದಾಳೆ! ಅಕ್ಕಾ, ಸೊಸೆಗೆ ಹೊಟ್ಟೆಗೆ ಹಾಕ್ತಿದೀಯೋ ಇಲ್ವೋ?" ಅಂದರು. ನೆರೆದ ಹೆಂಗಸರೆಲ್ಲ ನಮ್ಮತ್ತೆಯ ಮುಖ ನೋಡಿದರು.

ಮರುದಿನದಿಂದ ನಮ್ಮತ್ತೆ ಮಾನ ಉಳಿಸಿಕೊಳ್ಳುವ ಕೆಲಸಕ್ಕೆ ಇಳಿದರು. ಮುದ್ದೆಯ ಹೊಟ್ಟೆಯಲ್ಲಿ ತುಪ್ಪ ಅಡಗಿತು. ಸೊಪ್ಪಿನ ಸಾರಿನಲ್ಲಿ ಕೊಬ್ಬರಿ ಸೇರಿತು. ಕಚೇರಿಯ ಡಬ್ಬಿ ತೆಗೆದರೆ ಚಪಾತಿಯ ಕೆಳಗೆ ಒಬ್ಬಟ್ಟು ಮಲಗಿರುತ್ತಿತ್ತು.

"ಅತ್ತೆ, ಇದೆಲ್ಲ ಬೇಡ ಅಂದಿದ್ನಲ್ಲ."

"ನಿನಗೆ ಬೇಡದೆ ಇರಬಹುದು. ಮಲ್ಲೇಶ್ವರದಲ್ಲಿ ನನ್ನ ಮರ್ಯಾದೆ ಪ್ರಶ್ನೆ."

ಗಾಡಿ ಮರಕ್ಕೆ ಬಂತು, ಮರದಿಂದ ಗಿರಣಿಗೆ ಬಂತು, ಕೊನೆಗೆ ಸೌದೆ ಡಿಪೋ. ಅತ್ತೆಯ ಮರ್ಯಾದೆ ಮಾತ್ರ ಗುಂಡುಗುಂಡಗೆ ಬೆಳೆಯಿತು.

ಜ್ಞಾನೋದಯ

ಇದು ಒಂದು ಸಲದ ಕಥೆಯಲ್ಲ. ಎಂಬತ್ತರ ದಶಕದ ಮೊದಲರ್ಧವೆಲ್ಲ ನಾನು ಡಿಪೋಗೂ ಗೇಟಿಗೂ ನಡುವೆ ಓಡಾಡಿಕೊಂಡಿದ್ದೆ. ಪ್ರತಿ ಸಲ ಗೇಟು ಮುಟ್ಟಿದಾಗಲೂ ಇನ್ನು ಇಳಿಯುವುದಿಲ್ಲ ಅನ್ನುತ್ತಿದ್ದೆ. ಕೆಲವೇ ತಿಂಗಳಲ್ಲಿ "ಸ್ವಲ್ಪ ಇಳಿ" ಕೇಳಿಸುತ್ತಿತ್ತು. ಒಮ್ಮೊಮ್ಮೆ ಅಳುವೇ ಬರುತ್ತಿತ್ತು, ಸುಳ್ಳೇಕೆ.

ಹಾಗೆ ಒಂದು ಸಂಜೆ ಡಿಪೋ ಹತ್ತಿರ ಇಳಿದು, ಮುಖ ಊದಿಸಿಕೊಂಡು ಏರು ಹತ್ತುತ್ತಿದ್ದಾಗ ತಲೆಯಲ್ಲಿ ದೀಪ ಹೊತ್ತಿತು. ಗಾಡಿ ನನ್ನನ್ನು ಇಳಿಸಿದಾಗಲೆಲ್ಲ ನಾನು ನಡೆಯುತ್ತೇನೆ, ನಡೆದು ಸಣ್ಣಗಾಗುತ್ತೇನೆ. ಸಣ್ಣಗಾದ ಕೂಡಲೇ ಮಹಾರಾಣಿಯ ಹಾಗೆ ಹತ್ತಿ ಕೂರುತ್ತೇನೆ, ಕೂತು ದಪ್ಪಗಾಗುತ್ತೇನೆ. ಅತ್ತೆಯ ಒಬ್ಬಟ್ಟಿನ ಪಾಪ ಅರ್ಧ, ಈ ಪಾಪಿ ಸೀಟಿನದು ಅರ್ಧ!

ಒಬ್ಬಟ್ಟನ್ನು ಅವತ್ತಿನಿಂದ ಕಚೇರಿಯ ಗೆಳತಿಯರಿಗೆ ದಾನ ಮಾಡಿದೆ. ಅವರ ಆಶೀರ್ವಾದವೂ ಸಿಕ್ಕಿತು, ತೂಕವೂ ಅವರ ಪಾಲಾಯಿತು. ಸೀಟಿನ ವಿಷಯದಲ್ಲಿ ಇನ್ನೂ ಗಟ್ಟಿ ತೀರ್ಮಾನ. ದಪ್ಪಗಿರಲಿ, ಸಣ್ಣಗಿರಲಿ, ಡಿಪೋ ಹತ್ತಿರ ಇಳಿದು ನಡೆಯುವುದೇ.

ಸಣ್ಣಗಾದೆ. ಯಜಮಾನರು, "ಈಗ ಕೂತ್ಕೋಬಹುದು, ಬಾ, ಗಾಡಿ ಎಳೆಯುತ್ತೆ" ಅಂದರು.

"ನೀವು ಹೋಗಿ. ನಾನು ಬರ್ತೀನಿ."

"ಸಿಟ್ಟಾ?"

"ಇಲ್ಲ ರೀ. ಜ್ಞಾನ."

ಹಬ್ಬ

ಒಂದು ವರ್ಷ ಕಳೆಯಿತು. ಹೊಲಿಸಿಕೊಂಡ ರವಿಕೆ ಬಿಚ್ಚಿ ಹೊಲಿಸುವ ಕೆಲಸ ಬೀಳಲಿಲ್ಲ. ಮಲ್ಲೇಶ್ವರದ ಚಿಕ್ಕತ್ತೆ ಎಷ್ಟು ಸಲ ಎದೆ ಮೇಲೆ ಕೈಯಿಟ್ಟುಕೊಂಡರೂ ನಾನು ನಕ್ಕುಬಿಟ್ಟೆ.

ಈ ನಡುವೆ ಒಂದು ವಿಷಯ ಯಾರೂ ಗಮನಿಸಿರಲಿಲ್ಲ. ನಾನು ನಡೆದು ಮನೆ ಸೇರುವಷ್ಟರಲ್ಲಿ ಗಾಡಿಯಲ್ಲಿ ಬಂದ ಯಜಮಾನರು ಕೈಕಾಲು ತೊಳೆದು ತಿಂಡಿಗೆ ಕೂತಿರುತ್ತಿದ್ದರು. ನಾನು ಬೇಡವೆಂದ ತುಪ್ಪ, ಕೊಬ್ಬರಿ, ಫಲಾಹಾರ ಎಲ್ಲವನ್ನೂ ನಮ್ಮತ್ತೆ ಮಗನ ತಟ್ಟೆಗೆ ಬಡಿಸುತ್ತಿದ್ದರು. ಮನೆಯಲ್ಲಿ ಏನೂ ದಂಡವಾಗಬಾರದಲ್ಲ.

ಒಂದು ಸಂಜೆ ಎಂದಿನಂತೆ ಡಿಪೋ ಹತ್ತಿರ ನನ್ನನ್ನು ಇಳಿಸಿ ಅವರು ಮುಂದೆ ಹೋದರು. ನಾನು ಗಿರಣಿ ಮುಟ್ಟಿದರೆ ಅವರು ಅಲ್ಲೇ ನಿಂತು ಪೆಡಲ್ ತುಳಿಯುತ್ತಿದ್ದಾರೆ. ಗಾಡಿ ಅಲ್ಲಾಡುತ್ತಿಲ್ಲ. ಮೊದಲ ದಿನ ನಮ್ಮಿಬ್ಬರನ್ನೂ ಹೊತ್ತು ನಿಂತ ಅದೇ ಜಾಗದಲ್ಲಿ ಅವರೊಬ್ಬರನ್ನೇ ಹೊತ್ತು ನಿಂತಿತ್ತು.

"ಪೆಟ್ರೋಲಲ್ಲಿ ಏನೋ ಕಸ" ಅಂದರು.

ಗಿರಣಿಯವನು ಹೊರಗೆ ಬಂದು, ಒಂದು ಸಲ ಗಾಡಿ ನೋಡಿ, ಒಂದು ಸಲ ಅವರನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋದ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಭಾನುವಾರಗಳಲ್ಲಿ ಮೈದಾನಕ್ಕೆ ಹೋಗಿ ಗಾಡಿ ಓಡಿಸುವುದನ್ನು ಅವರಿಂದಲೇ ಕಲಿತಿದ್ದೆ. ಈ ಏರಿನಲ್ಲಿ ಮಾತ್ರ ಧೈರ್ಯ ಮಾಡಿರಲಿಲ್ಲ.

"ರೀ, ಸ್ವಲ್ಪ ಇಳೀರಿ."

ಎಷ್ಟು ವರ್ಷ ಕೇಳಿಸಿಕೊಂಡ ಮಾತು ಅದು! ಹೇಳುವಾಗ ಬಾಯಿಗೆ ಸಕ್ಕರೆ ಹಾಕಿದ ಹಾಗಾಯಿತು.

ಅವರು ಇಳಿದರು. ನಾನು ಕೂತೆ, ಪೆಡಲ್ ತುಳಿದೆ, ಗಾಡಿಯ ಕಿವಿ ಹಿಂಡಿದೆ. ಗಾಡಿ ಬುರ್ರೆಂದಿತು. ಪೆಟ್ರೋಲಿನ ಕಸ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೊಂಗೆ ಮರ ದಾಟಿತು. ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೇ ಓಡಿಸಿಕೊಂಡು, ಗೇಟಿನೊಳಗೆ, ತುಳಸಿ ಕಟ್ಟೆಯ ಮುಂದೆ ಹೋಗಿ ನಿಂತೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಮಹಾರಾಣಿಗಿಂತ ಈ ಮಹಾರಾಣಿ ಎಷ್ಟೋ ವಾಸಿ.

ಅತ್ತೆ ಓಡಿ ಬಂದರು. "ನನ್ನ ಮಗ ಎಲ್ಲೇ?"

"ಗಿರಣಿ ಹತ್ತಿರದಿಂದ ನಡ್ಕೊಂಡು ಬರ್ತಿದಾರೆ. ಗಾಡಿ ಎಳೀಲಿಲ್ಲ ಅತ್ತೆ. ತೂಕ ಜಾಸ್ತಿಯಾಗಿದೆ."

ಅತ್ತೆ ಗೇಟಿನ ಹತ್ತಿರ ಹೋಗಿ, ಏದುಸಿರು ಬಿಡುತ್ತ ಏರು ಹತ್ತುತ್ತಿದ್ದ ಮಗನನ್ನು ನೋಡಿದರು. ಸರ್ರನೆ ಒಳಗೆ ಹೋದರು. ಯಜಮಾನರು ಬಂದು ಮೆಟ್ಟಿಲ ಮೇಲೆ ಕುಸಿದು ಕೂರುವಷ್ಟರಲ್ಲಿ ಅತ್ತೆ ತಟ್ಟೆ ಹಿಡಿದು ಹೊರಗೆ ಬಂದರು. ತಟ್ಟೆಯ ತುಂಬ ಗೊಜ್ಜವಲಕ್ಕಿ, ಪಕ್ಕದಲ್ಲಿ ಬಟ್ಟಲು ರಸಾಯನ.

"ಇದೇನತ್ತೆ?"

"ತೂಕ ಇಳೀಬೇಕಲ್ಲ. ಅವನಿಗೆ ಇವತ್ತಿಂದ ಒಪ್ಪೊತ್ತು ಕಣೆ."

ಯಜಮಾನರು ಕೈ ಚಾಚಿದರು. ಅವರಿಗಿಂತ ಮೊದಲು ನಾನು ಚಾಚಿದೆ. ತಟ್ಟೆ, ಬಟ್ಟಲು ಎರಡನ್ನೂ ತೆಗೆದುಕೊಂಡು, ಗೇಟು ದಾಟಿ, ಹೊಂಗೆ ಮರದ ತನಕ ನಡೆದು ಹೋಗಿ ಮೇಷ್ಟ್ರ ಜಗಲಿಯ ಮೇಲೆ ಇಟ್ಟೆ.

ಮೇಷ್ಟ್ರು ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಏನಮ್ಮ, ಮತ್ತೆ ಉಪವಾಸವಾ?"

"ಇಲ್ಲ ಮೇಷ್ಟ್ರೇ" ಅಂದೆ. "ಇವತ್ತು ನಿಜವಾಗ್ಲೂ ಹಬ್ಬ."