ಅವ್ವನ ಎಲೆಅಡಿಕೆ ಚೀಲಕ್ಕೆ ಹಿಡಿಯುವಷ್ಟು

ಚೆನ್ನಾಗಿ ನಡೆಯುತ್ತಿರುವ ವಸ್ತುವನ್ನು ಇದ್ದ ಹಾಗೇ ಇರಲು ಬಿಡುವುದಕ್ಕೂ ಒಂದು ಯೋಗ್ಯತೆ ಬೇಕು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ನನಗೆ ಅದು ಇಲ್ಲ. ಗುತ್ತಲಿನ ನಮ್ಮ ಮನೆಯಲ್ಲಿ ಅವ್ವನ ಕಿವಿ ಮಂದವಾಯಿತು. ಅಂಗಡಿಯ ಕಿವಿಯಂತ್ರ ಹಾಕಿದರೆ ಇರುವೆ ಹೊಕ್ಕ ಹಾಗಾಗುತ್ತದೆ ಎಂದು ಕಿತ್ತಿಟ್ಟಳು. ಆಗ ನಾನೇ ಒಂದು ಸರ್ಕ್ಯೂಟ್ ಬೋರ್ಡ್ ಮಾಡಿ, ಸೋಪಿನ ಡಬ್ಬಿಯಲ್ಲಿ ಕೂರಿಸಿ, ಹೆಡ್‌ಫೋನು ಸಿಕ್ಕಿಸಿಕೊಟ್ಟೆ. ಯುಎಸ್‌ಬಿ ವೈರಿನಲ್ಲಿ ಪವರ್ ಬ್ಯಾಂಕಿನಿಂದ ಕರೆಂಟು, ಸದ್ದು ಏರಿಸಿ ಇಳಿಸಲು ಒಂದು ತಿರುಪು. ಅವ್ವನಿಗೆ ಬೇಕಿದ್ದುದು ಒಂದೇ, ಮಳವಳ್ಳಿಯಲ್ಲಿರುವ ಅವಳ ಅಕ್ಕನ ಮಾತು. ಕಾಯಿಲೆ ಬಿದ್ದ ಮೇಲೆ ದೊಡ್ಡವ್ವನ ದನಿ ಉಡುಗಿಹೋಗಿತ್ತು. ಒಬ್ಬಳಿಗೆ ದನಿಯಿಲ್ಲ, ಇನ್ನೊಬ್ಬಳಿಗೆ ಕಿವಿಯಿಲ್ಲ. ನಡುವೆ ನನ್ನ ಸೋಪಿನ ಡಬ್ಬಿ.

ಅದು ಕೆಲಸವನ್ನೇನೋ ಮಾಡುತ್ತಿತ್ತು. ಆದರೆ ಕೊರಳಿಗೆ ಡಬ್ಬಿ ನೇತುಹಾಕಿಕೊಂಡು ಮಳವಳ್ಳಿ ಬಸ್ಸಿನಲ್ಲಿ ಕೂತಿದ್ದ ಅವ್ವನನ್ನು ಯಾರೋ ಹೆಂಗಸು ಇವಳೇ ಕಂಡಕ್ಟರ್ ಎಂದುಕೊಂಡು ಫ್ರೀ ಟಿಕೆಟ್ಟಿಗಾಗಿ ಆಧಾರ್ ಕಾರ್ಡ್ ತೋರಿಸಿದಳಂತೆ. ಮನೆಗೆ ಬಂದವಳೇ, "ಇದ ಕಟ್ಕಂಡು ಇನ್ ನಾನು ಬಸ್ ಅತ್ತಾಕಿಲ್ಲ ಕಣ್ಲಾ. ನನ್ನ ಎಲೆಅಡ್ಕೆ ಚೀಲ್ದೊಳಕ್ಕೆ ಇಡಿಯಂಗೆ ಮಾಡ್ಕೊಡು" ಎಂದಳು.

ನನಗೆ ಅಷ್ಟೇ ಸಾಕಿತ್ತು. ಬಿಡಿಭಾಗಗಳನ್ನೆಲ್ಲ ಚಿಕ್ಕವು ತರಿಸಿ, ಹೊಸದೊಂದು ಬೋರ್ಡಿನ ಎರಡು ಮಗ್ಗುಲಿಗೂ ಹಂಚಿ, ನೇರವಾಗಿ ಪವರ್ ಬ್ಯಾಂಕಿಗೇ ಚುಚ್ಚುವ ಹಾಗೆ ಮಾಡಿ ವೈರನ್ನೂ ಕಳೆದೆ. ಎಷ್ಟು ಹೆಣಗಿದರೂ ಆ ತಿರುಪೊಂದು ಮಾತ್ರ ಮೂತಿ ಚಾಚಿಕೊಂಡೇ ಇತ್ತು. ಅದನ್ನೂ ತೆಗೆದುಹಾಕಿದೆ. ಅವ್ವನ ಎದುರು ಕೂತು ಮಾತಾಡುತ್ತಾ, ಅವಳು "ಕೇಳ್ತದೆ, ಸಾಕು" ಎಂದ ಮಟ್ಟಕ್ಕೆ ಸದ್ದನ್ನು ಖಾಯಂ ಮಾಡಿದೆ. ಬೋರ್ಡು ಬೆಂಕಿಪೊಟ್ಟಣದಷ್ಟಾಗಿ, ಸುಣ್ಣದ ಡಬ್ಬಿಯ ಪಕ್ಕ ಸಲೀಸಾಗಿ ಕೂತಿತು. ನನಗೆ ಹೆಮ್ಮೆಯಾಯಿತು.

ಮುಂದಿನ ಸಲ ಮಳವಳ್ಳಿಗೆ ನಾನೂ ಜೊತೆಗೆ ಹೋದೆ, ಹೊಗಳಿಸಿಕೊಳ್ಳೋಣವೆಂದು. ದೊಡ್ಡವ್ವ ಮಂಚದ ಮೇಲೆ ಒರಗಿ ಏನೋ ಹೇಳತೊಡಗಿದಳು. ಅವ್ವ ತಲೆಯಾಡಿಸಿದಳು, ನಕ್ಕಳು. ನಗಬಾರದ ಕಡೆ ನಕ್ಕಳೆಂದು ಕಾಣುತ್ತದೆ, ದೊಡ್ಡವ್ವ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. "ಕೇಳ್ತಿಲ್ವಾ ಅವ್ವ?" ಎಂದೆ.

"ನಿಂದು ಕೇಳ್ತದೆ ಕಣ್ಲಾ. ಅಕ್ಕಂದು ಕೇಳಾಕಿಲ್ಲ."

ಹಿಂದಿನ ಬೆಂಚಿಗೂ ಮುಟ್ಟುವಂತೆ ಪಾಠ ಹೇಳಿ ಹೇಳಿ ಪಳಗಿದ ನನ್ನ ಗಂಟಲನ್ನೇ ಅಳತೆಗೋಲು ಮಾಡಿಕೊಂಡಿದ್ದೆ. ದೊಡ್ಡವ್ವನ ದನಿ ನನ್ನ ಲೆಕ್ಕದಲ್ಲೇ ಇರಲಿಲ್ಲ. ಏರಿಸೋಣವೆಂದರೆ ತಿರುಪೂ ಇಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಅವ್ವ ಕೈಚೀಲಕ್ಕೆ ಕೈಹಾಕಿ, ಬಾಳೆಹಣ್ಣಿನ ಕೆಳಗಿನಿಂದ ಹಳೆಯ ಸೋಪಿನ ಡಬ್ಬಿಯನ್ನು ತೆಗೆದಳು. "ಯಾವುದ್ಕೂ ಇರ್ಲಿ ಅಂತ ತಂದಿದ್ದೆ" ಎನ್ನುತ್ತಾ ಕೊರಳಿಗೆ ಹಾಕಿಕೊಂಡು, ಪವರ್ ಬ್ಯಾಂಕನ್ನೂ ಹೆಡ್‌ಫೋನನ್ನೂ ಅದಕ್ಕೆ ಸಿಕ್ಕಿಸಿ, ತಿರುಪನ್ನು ಪೂರ್ತಿ ತಿರುಗಿಸಿದಳು. "ಈಗ ಇನ್ನೊಂದ್ಸಲ ಏಳಕ್ಕ, ಏನಂದೆ?"

"ಉಂಡ್ಕಂಡ್ ಬಂದಾ ಅಂದೆ ಕಣಮ್ಮಿ" ಎಂದಳು ದೊಡ್ಡವ್ವ, ಉಸಿರಿನಷ್ಟೇ ದನಿಯಲ್ಲಿ.

"ಉಂಡೆ ಕಣಕ್ಕ" ಎಂದ ಅವ್ವನ ಕಣ್ಣು ತುಂಬಿತು.

ಮಾನ ಉಳಿಸಿಕೊಳ್ಳಬೇಕಲ್ಲ, ತಿರುಪನ್ನು ಏಕೆ ತೆಗೆಯಬೇಕಾಯಿತೆಂದು ನಾನು ವಿವರಿಸಲು ಶುರುಮಾಡಿದೆ. ಅವ್ವ ನನ್ನ ಬಾಯಿಯನ್ನೇ ನೋಡುತ್ತಾ ತಿರುಪನ್ನು ಇಳಿಸಿದಳು. ನನ್ನ ತುಟಿ ನಿಂತಿತೆಂದು ಖಾತ್ರಿಯಾದ ಮೇಲೆ ಮತ್ತೆ ಏರಿಸಿ, ಅಕ್ಕನ ಕಡೆ ತಿರುಗಿದಳು.